ಯಾವ ಕಡೆ ಮೇಲೆ

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ ನನ್ನದು
ಫ್ರೇಮಿನ ಅಂಗಡಿ. ದೇವರಿಗೂ ಕಟ್ಟು, ಸತ್ತವರಿಗೂ ಕಟ್ಟು,
ಎಸ್ಸೆಸ್ಸೆಲ್ಸಿ ಪಾಸಾದವರಿಗೂ ಅದೇ ಕಟ್ಟು.
ತೀರ್ಥಪ್ಪ ಮೇಷ್ಟ್ರು ಮುಖ ಬರೆದು ತರುತ್ತಿದ್ದರು,
ನಾನು ಗಾಜು ಒರೆಸಿ ಮೊಳೆ ಹೊಡೆಯುತ್ತಿದ್ದೆ.

ಎಂಥ ಮುಖಗಳು!
ಬೆಲ್ಲದ ಮಂಡಿಯ ಯಜಮಾನರು
ಗಾಜಿನೊಳಗಿಂದಲೂ ತೂಕದ ಕಲ್ಲು ನೋಡುತ್ತಿದ್ದರು.
ಹೊಳಲೂರಿನ ಸೂಲಗಿತ್ತಿ ಹಾಲಮ್ಮನ
ಕೆನ್ನೆಯ ಮಚ್ಚೆಯೊಂದಕ್ಕೇ
ಮೇಷ್ಟ್ರು ಮೂರು ದಿನ ಕೂತರು.
ಒಯ್ಯಲು ಬಂದವರು ಮೊದಲು ಅಳುತ್ತಿದ್ದರು,
ಆಮೇಲೆ ಚೌಕಾಸಿ.

ಕೊನೆಯ ಮುಖ ಸೋಡಾ ಪುಟ್ಟಯ್ಯನದು.
"ಮೂಗು ಅವರದ್ದಲ್ಲ" ಅಂದಳು ಹೆಂಡತಿ.
ತಿದ್ದಿದರು. "ಈಗ ಕಣ್ಣು ಅವರದ್ದಲ್ಲ."
ತಿದ್ದಿದರು.
"ಈಗ ಎಲ್ಲಾ ಸರಿ ಇದೆ ಮೇಷ್ಟ್ರೇ,
ಅವರೇ ಇಲ್ಲ."
ಚಿತ್ರ ಬಿಟ್ಟು ಹೋದಳು. ಮುಂಗಡ ವಾಪಸು ಕೇಳಲಿಲ್ಲ.

ಆ ವಾರವೆಲ್ಲ ಸ್ಟೂಲಿನ ಮೇಲೆ ಕೂತು
ನನ್ನ ಗರಗಸ ನೋಡಿದರು.
ಮೂಲೆ ಕೂಡಬೇಕಾದರೆ ಪಟ್ಟಿಯ ತುದಿ ಓರೆ ಕೊಯ್ಯಬೇಕು,
ನಲವತ್ತೈದು ಡಿಗ್ರಿ; ಕೂದಲೆಳೆ ತಪ್ಪಿದರೂ
ಸಂದು ಬಾಯಿ ಬಿಡುತ್ತದೆ.
ಒಂದು ಕಟ್ಟಿಗೆ ಎಂಟು ಓರೆ,
ಎಂಟು ಮುಕ್ಕೋನದ ಚೂರು ಕಾಲಡಿಗೆ.
ನಮ್ಮ ಮನೆಯಲ್ಲಿ ಅದು ನೀರೊಲೆಗೆ.
ಮೇಷ್ಟ್ರು ಹೆಕ್ಕಿ ಹೆಕ್ಕಿ ಚೀಲಕ್ಕೆ ತುಂಬಿಕೊಂಡರು.
"ಏನ್ ಮಾಡ್ತೀರಿ ಸಾರ್?"
"ಇವಕ್ಕೆ ಯಾರ ಹೋಲಿಕೆಯೂ ಇಲ್ಲ ಬಾಷಾ."

ಆಷಾಢದಲ್ಲಿ ತುಂಗೆ ತುಂಬಿ
ಊರೆಲ್ಲ ಸೇತುವೆ ಮೇಲೆ: ಮಂಟಪ ಮುಳುಗಿತಾ? ಮುಳುಗಿತಾ?
ಮುಳುಗಿತ್ತು. ಕಂಬವಿಲ್ಲ, ಸೂರಿಲ್ಲ,
ಕೆಂಪು ನೀರಿನ ಒಂದು ಅಡ್ಡಗೆರೆ.
ಜನ ಆ ಗೆರೆಗೇ ಬೆರಳು ತೋರಿಸಿ
ಹೆಗಲ ಮೇಲಿನ ಮಕ್ಕಳಿಗೆ ಹೇಳುತ್ತಿದ್ದರು: ಅಗೋ, ಮಂಟಪ.
ಮೇಷ್ಟ್ರು ಛತ್ರಿ ಮಡಿಸಿಬಿಟ್ಟರು.

ಆಮೇಲೆ ತಂದದ್ದು ಇದು:
ಸುಟ್ಟ ಇಟ್ಟಿಗೆಯ ಬಣ್ಣದ ಚೌಕ, ಅದಕ್ಕೊರಗಿದ
ಬೂದು ಮುಕ್ಕೋನ, ಒಂದಂಚಿಗೆ ಹಳದಿ ಎಳೆ.
ಅಷ್ಟೇ.
ನಾನು ಕೇಳಿದ್ದು ಕಲೆಯ ಪ್ರಶ್ನೆಯಲ್ಲ, ಕೊಕ್ಕೆಯದು:
"ಯಾವ ಕಡೆ ಮೇಲೆ ಸಾರ್?"
"ನೇತು ಹಾಕಿ ನೋಡು."

ರಾತ್ರಿ ಶಟರು ಎಳೆದು ನೇತು ಹಾಕಿದೆ.
ಮೊದಲ ಬದಿಯಲ್ಲಿ ಗುಡ್ಡದಡಿಯ ಮನೆ. ಸುಳ್ಳೆನಿಸಿತು.
ಎರಡನೆಯದು ಜಾರುತ್ತಿತ್ತು, ಹಿಡಿಯಲು
ಕೈ ತಾನಾಗಿ ಮುಂದೆ ಹೋಯಿತು.
ಮೂರನೆಯದರಲ್ಲಿ ಚೌಕಕ್ಕೆ ಸುಸ್ತಾಗಿತ್ತು.
ಹೇಗೆ ಗೊತ್ತಾಯಿತೆಂದು ಕೇಳಬೇಡಿ.
ಸುಸ್ತಾಗಿತ್ತು, ಅಂಗಡಿ ಮುಚ್ಚುವ ಹೊತ್ತಿನವರ ಹಾಗೆ
ಒಂದು ಹೆಗಲು ಇಳಿದು.
ನಾಲ್ಕನೆಯದನ್ನು ತಿರುಗಿಸಲಿಲ್ಲ.

ಬೆಳಿಗ್ಗೆ ನಾಲ್ಕೂ ಬದಿಗೆ ಕೊಕ್ಕೆ ಹೊಡೆದೆ.
"ದುಡ್ಡೆಷ್ಟು?" ಅಂದರು.
ತಗೊಂಡೆ. ನಾಲ್ಕೈದ್ಲಿ ಇಪ್ಪತ್ತು.

ಕೋಟೆ ರಸ್ತೆಯ ಹಾಲಿನಲ್ಲಿ ಹದಿನಾಲ್ಕು ಚಿತ್ರ ತೂಗಿದ ದಿನ
ಟೈಲ್ಸ್ ಅಂಗಡಿಯವನು ಚದರಡಿಗೆ ರೇಟು ಕೇಳಿದ.
ನಿವೃತ್ತ ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ,
"ಕೈ ನಡುಗ್ತದೆ ಅಂತ ಕಾಣತ್ತೆ, ಪಾಪ."
ಕೈ ನಡುಗಿದರೂ ಮೂಗು ಬರೆಯಬಹುದು ಸಾರ್,
ಗೆರೆ ಎಳೆಯಲಾಗದು
ಎನ್ನಬೇಕಿತ್ತು ನಾನು. ಚಹಾ ಕೊಟ್ಟೆ.
ಸೊರಬದ ಕಡೆಯ ಮುದುಕಿಯೊಬ್ಬಳು,
ಮದುವೆಯ ಹಸೆಗೋಡೆಗೆ ಪುಂಡಿನಾರಿನಲ್ಲಿ ಚಿತ್ತಾರ ಎಳೆದ ಕೈ,
ಹಳದಿ ಎಳೆಯ ಬಳಿ ಬಗ್ಗಿ,
"ಇಲ್ಲಿ ಉಸಿರು ಬಿಟ್ಟಿದ್ದೀಯ ನೋಡಪ್ಪಾ" ಅಂದಳು.
ಅವತ್ತು ಮೇಷ್ಟ್ರು ನಕ್ಕದ್ದು ಅದೊಂದಕ್ಕೇ.

ಇದು ಮಾರಾಟವಾಗಲಿಲ್ಲ. ನನ್ನಂಗಡಿಯಲ್ಲೇ ಇದೆ,
ಯಾರೂ ಒಯ್ಯದ ಪುಟ್ಟಯ್ಯನ ಪಕ್ಕ.
ಶುಕ್ರವಾರ ನಮಾಜಿಗೆ ಹೊರಡುವಾಗ
ಒಂದು ಬದಿ ತಿರುಗಿಸಿ ಹೋಗುತ್ತೇನೆ.

ಮೊನ್ನೆ ಅವನ ಹೆಂಡತಿ ಬಂದಳು,
ಮೊಮ್ಮಗನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಲು.
ಗಂಡನ ಮುಖದತ್ತ ತಿರುಗಲಿಲ್ಲ.
ಚೌಕದ ಮುಂದೆ ನಿಂತಳು, ಬಹಳ ಹೊತ್ತು.
ಸೆರಗಿನಿಂದ ಗಾಜಿನ ಧೂಳು ಒರೆಸಿ
"ಇದ್ಯಾಕೆ ಹೀಗೆ ಕೂತಿದೆ?" ಎಂದಳು.