ರಸಮಟ್ಟ

ನೀರು ಬರುವುದು ನಾಲ್ಕೂವರೆಗೆ.
ಐದೂಕಾಲಿಗೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾದ ಮೇಲೆ
ಭಾಂಡೂಪಿನ ಈ ಗುಡ್ಡದ ಚಾಳಿನಲ್ಲಿ ಮತ್ತೆ ಮಲಗುವ ಮಾತಿಲ್ಲ.
ತಲೆಯ ಮೇಲಿನ ಸ್ಲ್ಯಾಬು
ನಿನ್ನೆಯ ಬಿಸಿಲನ್ನು ಇನ್ನೂ ಉಗುಳುತ್ತಿರುತ್ತದೆ.

ಅಂಥದೊಂದು ಬೆಳಿಗ್ಗೆ, ಮೇ ತಿಂಗಳ ಎರಡನೇ ಭಾನುವಾರ,
ಬಾಯಲ್ಲಿ ಬ್ರಷ್ಷು ಇದ್ದಂತೆಯೇ ಇವರು ಗೋಡೆ ನೋಡುತ್ತ ಅಂದರು:
‘ಇಲ್ಲೊಂದು ಮಡಚುವ ಮೇಜು ಮಾಡಿಬಿಡೋಣ, ವೈಶಾಲಿಗೆ.’

ಹತ್ತನೆಯದನ್ನು ಅವಳು ಓದಿದ್ದು
ನನ್ನ ಹೊಲಿಗೆ ಮಷೀನಿನ ಮೇಲೆ.
ಭೂಗೋಳದ ಪುಸ್ತಕದಲ್ಲಿ ಈಗಲೂ ಇದೆ ಎಣ್ಣೆಯ ಕಲೆ,
ನರ್ಮದೆಯ ಪಕ್ಕ, ನಕ್ಷೆಯಲ್ಲಿಲ್ಲದ ಒಂದು ಕೆರೆ.

ಮಸ್ಜಿದ್ ಬಂದರಿನಲ್ಲಿ ತಕ್ಕಡಿ ರಿಪೇರಿ ಇವರ ಕಸುಬು.
ಅಕ್ಕಸಾಲಿಗನ ತಟ್ಟೆ ಗುಲಗಂಜಿಯಷ್ಟು ವಾಲಿದರೂ ಕಣ್ಣಲ್ಲೇ ಹಿಡಿಯುವವರು.
ಮನೆಯಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದದ್ದು
ಹದಿನಾರು ವರ್ಷದಲ್ಲಿ ನಾನು ಕಂಡಿಲ್ಲ.

ಹಲಗೆ ಸಿಕ್ಕಿತು ಗುಜರಿಯಲ್ಲಿ: ಯಾರದೋ ಮನೆಯ ಹಳೇ ಬಾಗಿಲು,
‘ಕದಂ ೧೪’ ಎಂದು ಇನ್ನೂ ಬರೆದೇ ಇತ್ತು.
ಅಪ್ಪ ಮಗ ಅದನ್ನು ಹೊತ್ತು ನೂರಾ ಹನ್ನೆರಡು ಮೆಟ್ಟಿಲು ಹತ್ತಿದರು,
ನಡುನಡುವೆ ಅದನ್ನೇ ಮಂಚ ಮಾಡಿ ಕುಳಿತು.
ಡ್ರಿಲ್ಲು ಕೊಟ್ಟವನು ಕೆಳಗಿನ ಓಣಿಯ ರಶೀದ.
‘ಬಾಡಿಗೆ ಬೇಡ ಭಾಭಿ, ಮಿಡಿ ಉಪ್ಪಿನಕಾಯಿ ಇದ್ದರೆ ನೋಡಿ.’

ಮೊದಲ ತೂತು ಸರಿ. ಎರಡನೆಯದಕ್ಕೆ ಕರೆಂಟು ಹೋಯಿತು.
ಮೂರನೆಯದಕ್ಕೆ ಡ್ರಿಲ್ಲು ಬೆಣ್ಣೆಗೆ ಇಳಿದ ಹಾಗೆ ಸರ್ರನೆ ಒಳಗೆ.
ಆಚೆಯಿಂದ ನಲಾವಡೆ ಮಾವಶಿಯ ಚೀತ್ಕಾರ.

ಅವಳ ಕ್ಯಾಲೆಂಡರಿನ ಇಪ್ಪತ್ತೆರಡನೇ ತಾರೀಕು ಮಾಯವಾಗಿತ್ತು,
ಗ್ಯಾಸು ಬರುವ ದಿನವೆಂದು ಗೀಟು ಹಾಕಿದ್ದ ತಾರೀಕು.
ನನಗೂ ಅವಳಿಗೂ ಮಾತಿಲ್ಲ,
ಬಟ್ಟೆ ಒಣಹಾಕುವ ದಾರದ ವಿಷಯದಲ್ಲಿ, ದೀಪಾವಳಿಯಿಂದ.
ತೂತಿನೊಳಗೆ ಅವಳ ಕಣ್ಣು ಬಂತು.
ಈಚೆ ನನ್ನ ಕಣ್ಣು. ಇಬ್ಬರಲ್ಲಿ ಯಾರೂ ರೆಪ್ಪೆ ಬಡಿಯಲಿಲ್ಲ.
ಕಡೆಗೆ ಅವಳೇ ಅಂದಳು: ‘ಕೊಕಂ ಹಾಕ್ತೀಯಲ್ಲ, ಸಾರಿಗೆ,
ಎಷ್ಟು ಹೊತ್ತಿಗೆ ಹಾಕ್ತೀ?’

ಸಂಜೆಗೆ ಮೇಜು ನಿಂತಿತು.
ಮಿಲಿಂದ ಗೋಲಿ ಇಟ್ಟು ನೋಡಿದ. ಅದು ಕದಲಲಿಲ್ಲ.
ಆದರೂ ಮೇಜು ವಾಲಿದೆ ಎಂದರು ಎಲ್ಲರೂ:
ನೋಡಲು ಬಂದ ರಶೀದ, ಬಾಗಿಲಲ್ಲಿ ನಿಂತ ಮಾವಶಿ,
ತಲೆ ಓರೆ ಮಾಡಿ ವೈಶಾಲಿ ಕೂಡ.
ಇವರು ರಸಮಟ್ಟ ತಂದಿಟ್ಟರು. ಹಸಿರು ನೀರಿನಲ್ಲಿ ಗುಳ್ಳೆ
ಎರಡು ಗೆರೆಗಳ ನಡುವೆ ಹದವಾಗಿ ನಿಂತಿತ್ತು.

ಎಲ್ಲರೂ ಮಲಗಿದ ಮೇಲೆ ಇವರು ಎದ್ದರು.
ರಸಮಟ್ಟವನ್ನು ನೆಲಕ್ಕಿಟ್ಟರು. ಹೊಸ್ತಿಲಿಗಿಟ್ಟರು.
ಕಿಟಕಿಯ ಕೆಳಗಿನ ಕಲ್ಲಿಗೆ, ಒಲೆಕಟ್ಟೆಗೆ.
ಮೊಬೈಲಿನ ಬೆಳಕಲ್ಲಿ ಗುಳ್ಳೆ ಪ್ರತಿಸಲವೂ
ಗುಡ್ಡದ ಕಡೆಗೇ ಓಡಿತು.
‘ಮೇಜು ಸರಿಯಾಗಿದೆ, ಪ್ರಮೀಳಾ,’ ಅಂದರು ಪಿಸುದನಿಯಲ್ಲಿ,
‘ಮನೆ...’

ನಾನು ನಿದ್ದೆ ಬಂದವಳ ಹಾಗೆ ಇದ್ದೆ.
ಹದಿನಾರು ವರ್ಷದಿಂದ ನೆಲ ಒರೆಸುತ್ತಿರುವವಳು ನಾನು.
ಚೆಲ್ಲಿದ ನೀರು ಯಾವ ಮೂಲೆ ಹುಡುಕುತ್ತದೆ,
ತಟ್ಟೆಯಲ್ಲಿ ಸಾರು ಯಾವ ಕಡೆಯ ಅನ್ನವನ್ನು ಮೊದಲು ಮುಟ್ಟುತ್ತದೆ
ನನಗೆ ಗೊತ್ತು. ಮೇಲಿನ ಸಾಲಿನ ತಡೆಗೋಡೆ ಬಿದ್ದ ಮಳೆಗಾಲದಿಂದ
ಅಕ್ಕಿ ಡಬ್ಬಿಯ ಕೆಳಗೆ ಒಂದು ಬಿಲ್ಲೆ ಕಲ್ಲಿದೆ,
ಪ್ರತಿ ಜೂನಿನಲ್ಲಿ ಅದನ್ನು ಸ್ವಲ್ಪ ದಪ್ಪದ್ದಕ್ಕೆ ಬದಲಾಯಿಸುತ್ತೇನೆ.
ಹೇಳಿದರೆ ಎಲ್ಲಿಗೆ ಹೋಗುವುದು?

ಬೆಳಿಗ್ಗೆ ಇವರು ವೈಟ್ ಸಿಮೆಂಟು ಕಲಸಿದರು, ತೂತು ಮುಚ್ಚಲು.
‘ಇರಲಿ, ನಾಳೆ’ ಎಂದೆ.
ಆಚೆ ಮಾವಶಿ ಒಗ್ಗರಣೆ ಹಾಕಿದಳು, ಇಂಗು ಜಾಸ್ತಿ.
ವೈಶಾಲಿ ಮೇಜು ಬಿಚ್ಚಿ, ಏನೂ ಓದದೆ,
ಎರಡೂ ಮೊಣಕೈ ಊರಿ ಸುಮ್ಮನೆ ಕುಳಿತಿದ್ದಳು.
ಅವಳ ಪೆನ್ಸಿಲ್ಲು ಎಲ್ಲಿ ಇಟ್ಟಿತ್ತೋ ಅಲ್ಲೇ ಇತ್ತು.