ಈ ವರ್ಷ ಫಾರ್ಮ್ ಎರಡು

ಪ್ರತಿ ಜುಲೈ ಕೊನೆಗೆ ಚಂಪಾಳ ರಿಟರ್ನ್ ತುಂಬುವವನು ನಾನೇ.
ಶಾಲೆಯ ಪಗಾರ, ಪೋಸ್ಟಾಫೀಸಿನ ಬಡ್ಡಿ.
ಖಡಕಿ ಬಜಾರಿಗೆ ಹೋಗಿ ಹಾಲು ತರುವಷ್ಟು ಹೊತ್ತಿನ ಕೆಲಸ.

ಈ ಸಲ ಸಾಫ್ಟ್‌ವೇರ್ ಬಾಗಿಲಲ್ಲೇ ತಡೆಯಿತು:
ಫಾರ್ಮ್ ಒಂದು ನಿಮಗಲ್ಲ.
ಕೆಳಗೆ, ತಾನಾಗಿ ತುಂಬಿಕೊಂಡ ಏಳು ಸಾಲು.
ಬ್ರೋಕರ್ ಕಳಿಸಿದ್ದು, ಸರಕಾರ ಓದಿದ್ದು,
ಮನೆಯಲ್ಲಿ ನಾನೊಬ್ಬ ಕೇಳದ್ದು:
ಬಣ್ಣದ ಕಂಪನಿ, ನಲವತ್ತು ಷೇರು, ಮಾರಾಟ.
ಬೇರಿಂಗಿನ ಕಂಪನಿ, ಹದಿನೆಂಟು, ಮಾರಾಟ.

"ಯಾರೋ ನಿನ್ನ ಪ್ಯಾನ್ ನಂಬರ ಕದ್ದಾರ," ಅಂದೆ.
ಮೆಂತ್ಯ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.
"ಯಾರೂ ಕದ್ದಿಲ್ಲ. ನಾನೇ ಮಾರೀನಿ."

ಕೊಂಡ ದಿನ?
ಹೊಲಿಗೆ ಮಷೀನಿನ ಡ್ರಾಯರಿನಿಂದ
ರಬ್ಬರು ಬಿಗಿದ ಕಟ್ಟು ಹೊರಬಂತು.
ಎರಡು ಸಾವಿರದ ಹನ್ನೊಂದು, ಟ್ಯೂಷನ್ನಿನ ದುಡ್ಡು.
ಅದೇ ವರ್ಷ ನಾನು, ಚಹಾಪುಡಿಯ ಲೆಕ್ಕ ಬರೆದಿಡು ಅಂತ
ಅವಳಿಗೊಂದು ಡೈರಿ ತಂದುಕೊಟ್ಟಿದ್ದೆ.

ಕೊಂಡ ಬೆಲೆ?
ಪೈಸೆ ಸಮೇತ ಹೇಳಿದಳು.
"ಬೋನಸ್ ಇಪ್ಪತ್ತಕ್ಕ ಸೊನ್ನಿ ಬರೀರಿ,
ಪುಕ್ಕಟ ಬಂದದ್ದಕ್ಕ ಪೂರಾ ತೆರಿಗಿ."

ಆಮೇಲೆ ಒಂದು ವಿಚಿತ್ರ ಖಾನೆ:
೨೦೧೮ರ ಜನವರಿ ಮೂವತ್ತೊಂದು, ಆ ದಿನದ ಬೆಲೆ.
ಅಲ್ಲಿಯತನಕ ಬೆಳೆದದ್ದನ್ನು ಕಾನೂನು ಮುಟ್ಟುವುದಿಲ್ಲ.
ಅಂದು ಗ್ರಹಣ. ಚಂದ್ರ ತಿಕ್ಕದ ತಾಮ್ರದ ತಂಬಿಗೆಯ ಹಾಗಿದ್ದನಂತೆ.
ಅಂತೆ, ಯಾಕೆಂದರೆ
ಮಾಳಿಗೆಯಿಂದ ಅವಳು ಎರಡು ಸಲ ಕೂಗಿದರೂ ನಾನು ಏಳಲಿಲ್ಲ;
ಮರುದಿನ ಬಜೆಟ್ಟು, ಟೀವಿಯ ಮುಂದೆ ಕೂತಿದ್ದೆ.
ಕೆಳಗಿಳಿದು ಬಂದವಳಿಗೆ
ಷೇರುಪೇಟೆ ಅಂದರೇನು ಅಂತ ತಿಳಿಸಿ ಹೇಳಿದೆ,
ಒಂದು ಷೇರೂ ಇಲ್ಲದವನು.
ಹೂಂಗುಟ್ಟುತ್ತ ಕೇಳಿದ್ದಳು.

ಯಾಕೆ ಮಾರಿದಿ, ಅದಕ್ಕೆ ಖಾನೆ ಇಲ್ಲ.
ಒಂದೊಂದೇ ಪಟ್ಟಿ ಇಳಿಸಿ ನೋಡಿದೆ, ಎಲ್ಲೂ ಇಲ್ಲ.
ನಾನೂ ಕೇಳಲಿಲ್ಲ.
ಕೇಳಲಿಲ್ಲ ಅನ್ನುವುದು ದೊಡ್ಡತನವಲ್ಲ, ಧೈರ್ಯ ಸಾಲಲಿಲ್ಲ.
ತೆರಿಗೆ ಹನ್ನೊಂದು ಸಾವಿರದ ನಾಲ್ಕುನೂರ ಅರವತ್ತು ಅಂದರೆ
"ಮಾರ್ಚಿನಾಗ ಕಟ್ಟೀನಿ," ಅಂದಳು, "ಚಲನ್ ಕಟ್ಟಿನ ತಳದಾಗ ಅದ."

ಕೊನೆಗೆ ಓಟಿಪಿ. ಅದು ಅವಳ ಫೋನಿಗೆ.
ಇಷ್ಟು ವರ್ಷ ಆ ಫೋನನ್ನೂ ನಾನೇ ಎತ್ತಿಕೊಂಡು ನೋಡುತ್ತಿದ್ದೆ.
ಈ ಸಲ ಮೇಜಿನ ಮೇಲೆ ಕೈಯಿಟ್ಟು ಕೂತೆ.
ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಚಷ್ಮಾ ಹುಡುಕಿದಳು.
ನಾಲ್ಕು, ಅಂದಳು. ಏಳು. ಸೊನ್ನಿ. ಸೊನ್ನಿ. ಎರಡು.
ನಿಲ್ಲಿಸಿದಳು.

ಪರದೆಯ ಮೇಲೆ ಸೆಕೆಂಡುಗಳು ಕರಗುತ್ತಿವೆ.
ಹೊರಗೆ ಲೋಣಾವಳಾ ಲೋಕಲ್ ಮಳೆಯಲ್ಲಿ ಹಾದುಹೋಯಿತು,
ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು.

"ಮುಂದಿನ ವರ್ಷ ನಾ ತುಂಬತೀನಿ," ಅಂದಳು.
"ನೀವು ಬಾಜೂಕ ಕೂಡ್ರಿ, ಸಾಕು."

ಆಮೇಲೆ, ಒಂಬತ್ತು.