ನಾಲ್ಕು ನಿಮಿಷ

ಕಂಬಕ್ಕೆ ತಲೆ ಬಡಿದ ಸದ್ದು ನನಗೆ ಕೇಳಿಸಲಿಲ್ಲ.
ಜುಲೇಖಾ ಹೇಳುತ್ತಾಳೆ: ತೆಂಗಿನಕಾಯಿ ಒಡೆದ ಹಾಗಲ್ಲ ಕಣೇ,
ಅಕ್ಕಿಡಬ್ಬ ಕೈಜಾರಿ ಬಿದ್ದ ಹಾಗೆ.
ಅರ್ಧ ತುಂಬಿದ್ದು.

ಭದ್ರಾವತಿ, ಪೇಪರ್‌ಟೌನಿನ ಕ್ವಾರ್ಟರ್ಸ್ ಹಿಂದಿನ ಮೈದಾನ,
ಜಿಲ್ಲಾ ಫೈನಲ್ಲು, ಸೊರಬದವರ ಮೇಲೆ ಖೋ ಖೋ.
ಅವರ ಹುಡುಗಿಯೊಬ್ಬಳು ಕಂಬ ಬಳಸಿ ತಿರುಗುತ್ತಿದ್ದಳು,
ಜಡೆಗೆ ಹಸಿರು ರಿಬ್ಬನ್ನು.
ಹಾರಿದೆ. ರಿಬ್ಬನ್ನಿನ ತುದಿ ಬೆರಳಿಗೆ ತಾಗಿತು.
ನನ್ನದು ಇಲ್ಲಿಗೆ ಮುಗಿಯಿತು.

ಮುಂದಿನದು ಕೇಳಿ ತಿಳಿದದ್ದು.
ತಿಪ್ಪೇಸ್ವಾಮಿ ಮೇಷ್ಟ್ರು ಓಡಿಬಂದು ಮುಖಕ್ಕೆ ನೀರು ಚಿಮುಕಿಸಿ
ನಾಲಿಗೆಗೆ ಗ್ಲೂಕೋಸ್ ಪುಡಿ ಹಾಕಿ
ಬೆರಳು ತೋರಿಸಿ ಎಷ್ಟು ಅಂದರಂತೆ.
ಎರಡು ಅಂದೆನಂತೆ.
ಗಟ್ಟಿ ಪಿಂಡ ಇದು, ಏನೂ ಆಗಿಲ್ಲ, ಏಳು ಅಂದರಂತೆ.
ಎದ್ದೆನಂತೆ.

ಉಳಿದದ್ದು ನಾಲ್ಕು ನಿಮಿಷ.
ಅಷ್ಟರಲ್ಲೇ ಮೂವರನ್ನು ಔಟ್ ಮಾಡಿದೆನಂತೆ.
ಅಷ್ಟು ಚಂದ ಎಂದೂ ಆಡಿರಲಿಲ್ಲವಂತೆ ನಾನು.
ಕನ್ನಡ ಮೇಡಂ ಒಮ್ಮೆ ಅಂದಿದ್ದರು,
ಕಣ್ಣಾರೆ ಕಾಣದ್ದಕ್ಕೆ 'ಅಂತೆ' ಅಂತ ಬಾಲ ಹಚ್ಚಬೇಕು.
ನನ್ನ ಮೈ ಆಡಿದ ಆಟ,
ನನಗೇ ಅಂತೆಕಂತೆ.

ಟೀವಿಯ ಮೇಲೆ ಕಪ್ಪು ಇದೆ.
ಎಸ್. ಸೆಲ್ವಿ, ಅತ್ಯುತ್ತಮ ಆಟಗಾರ್ತಿ.
ಆ ಸೆಲ್ವಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಹನ್ನೊಂದನೇ ದಿನ ಇಡ್ಲಿ ಹಿಟ್ಟಿಗೆ ಮೂರು ಸಲ ಉಪ್ಪು ಹಾಕಿದೆ.
ಅಮ್ಮ ಅಷ್ಟೂ ಹಿಟ್ಟು ಚೆಲ್ಲಿ, ಬೈಯದೆ, ನನ್ನ ಕೈ ಹಿಡಿದು
ಶಿವಮೊಗ್ಗದ ಬಸ್ಸು ಹತ್ತಿಸಿದಳು.

ಮೆಗ್ಗಾನ್ ಆಸ್ಪತ್ರೆಯ ಟ್ಯೂಬ್‌ಲೈಟು ಕಣ್ಣಿಗೆ ಗುಂಡುಸೂಜಿ.
ಡಾಕ್ಟ್ರು ಐದು ಪದ ಹೇಳಿದರು, ನೆನಪಿಟ್ಕೋ ಮರಿ.
ಆಮೇಲೆ ನೂರರಿಂದ ಏಳೇಳು ಕಳೆ ಅಂದರು.
ತೊಂಬತ್ತಮೂರು. ಎಂಬತ್ತಾರು.
ಎಂಬತ್ತಾರರಿಂದಾಚೆ ಕರೆಂಟು ಹೋಗಿತ್ತು.
ಈಗ ಆ ಐದು ಪದ?
ರೈಲು, ಅಂದೆ. ಹಳದಿ.
ಆಮೇಲೆ ಅವರ ಮೇಜಿನ ಮೇಲಿದ್ದ ಕನ್ನಡಕ ನೋಡಿ ಕನ್ನಡಕ ಅಂದೆ.
ಅದು ಇರಲಿಲ್ಲ.

ಸ್ಕ್ಯಾನಿನಲ್ಲಿ ಏನೂ ಇಲ್ಲ. ಅಮ್ಮನಿಗೆ ಖುಷಿ.
ಕೈ ಮುರಿದಿದ್ದರೆ ಪಿಂಡಿ ಕಟ್ಟುತ್ತಿದ್ದರು,
ಜುಲೇಖಾ ಅದರ ಮೇಲೆ ಹೂ ಬಿಡಿಸುತ್ತಿದ್ದಳು.
ಇದಕ್ಕೆ ಎಲ್ಲಿ ಬಿಡಿಸುವುದು?
ಕ್ಲಾಸಿನಲ್ಲಿ ಪಿಸುಗುಟ್ಟುತ್ತಾರೆ: ಪರೀಕ್ಷೆ ಹತ್ರ ಬಂತಲ್ಲ, ನಾಟಕ.

ತಲೆಯೊಳಗೆ ಎಂಟು ಮಂದಿ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದಾರೆ,
ಒಬ್ಬಳ ಮುಖ ಹೊಳೆಯ ಕಡೆ, ಪಕ್ಕದವಳದು ರೈಲ್ವೆ ಗೇಟಿನ ಕಡೆ.
ಓಡಿ ಓಡಿ ಬೆನ್ನು ಮುಟ್ಟುತ್ತೇನೆ,
ಬಾಯಿಂದ ಖೋ ಬರುವುದಿಲ್ಲ.
ಬಂದರೂ ಏಳುವವಳು ಇನ್ಯಾರೋ.
ಮನೆಯ ತಮಿಳು ತಟ್ಟನೆ ಏಳುತ್ತದೆ,
ಶಾಲೆಯ ಕನ್ನಡ ಮಂಡಿ ಸವರಿಕೊಂಡು, ನಿಧಾನಕ್ಕೆ.
ಮೊನ್ನೆ ಚಮಚ ಕೇಳಲು ಹೋಗಿ ಬಾಚಣಿಗೆ ಕೇಳಿದೆ.
ತಮ್ಮ ನಗುತ್ತ ಬಾಚಣಿಗೆಯನ್ನೇ ತಂದುಕೊಟ್ಟ.
ರಸದ ತಟ್ಟೆಯ ಮುಂದೆ ಅದನ್ನು ಹಿಡಿದು ಕೂತಿದ್ದೆ,
ಇದರಲ್ಲಿ ಏನೋ ತಪ್ಪಿದೆ,
ಏನು?

ಮೇಷ್ಟ್ರು ಒಂದು ಸಂಜೆ ಮೂಸಂಬಿ ತಂದರು.
ಗೋಡೆಯ ಕ್ಯಾಲೆಂಡರು ನೋಡುತ್ತ ಅಂದರು,
ಎರಡು ಬೆರಳು ತೋರಿಸಿದ್ದೆ. ಸರಿಯಾಗಿ ಹೇಳಿದ್ದೆ ಅಲ್ವೇನೇ ನೀನು?
ಹೌದಂತೆ ಸರ್.
ನಮ್ಮ ಕಾಲದಲ್ಲಿ ಕಬಡ್ಡಿ ಆಡುವಾಗ ಇಂಥವು ಎಷ್ಟು ಬಿದ್ದಿಲ್ಲ,
ಎದ್ದು ಮತ್ತೆ
ಅಂದವರು ಅಲ್ಲೇ ನಿಂತು ಹುಬ್ಬಿನ ಹಳೇ ಹೊಲಿಗೆ ಮುಟ್ಟಿಕೊಂಡರು.
ಮಾತು ಎತ್ತ ಹೊರಟಿತ್ತೆಂದು ಹುಡುಕುವ ಆ ಮುಖ
ನನಗೆ ಗೊತ್ತು. ದಿನಾ ಕನ್ನಡಿಯಲ್ಲಿ ನೋಡುತ್ತೇನೆ.
ಕಾಫಿ ಕುಡಿದು ಮತ್ತೆ ಕೇಳಿದರು,
ಎರಡು ಬೆರಳು ತೋರಿಸಿದ್ದೆ ಅಲ್ವಾ?
ಬಾಗಿಲಲ್ಲಿ ನಿಂತು, ಇನ್ನೊಮ್ಮೆ.

ನಿನ್ನೆ ಮೂರನೇ ಸಲ ತೋರಿಸಿಕೊಂಡು ಬರುವಾಗ
ಬಿದರೆ ದಾಟಿದ ಮೇಲೆ, ಬಸ್ಸು ಹಂಪಿನ ಮೇಲೆ ಕುಲುಕಿದ್ದೇ
ಕಂಬಳಿ! ಅಂದುಬಿಟ್ಟೆ, ಜೋರಾಗಿ.
ತಿಂಗಳ ಹಿಂದೆ ಬೆನ್ನು ಮುಟ್ಟಿದವಳು, ಈಗ ಎದ್ದಳು.
ಇನ್ನಿಬ್ಬರು ಆಚೆ ಮುಖ ಮಾಡಿಯೇ ಇದ್ದಾರೆ.
ಆ ನಾಲ್ಕು ನಿಮಿಷ ಬರುವುದಿಲ್ಲವಂತೆ, ಡಾಕ್ಟ್ರ ಮಾತು.

ಕಂಡಕ್ಟರು ತಿರುಗಿ ನೋಡಿದ:
ಆ ಸ್ಟಾಪು ಈ ರೂಟಲ್ಲಿ ಇಲ್ಲಮ್ಮ.
ಇತ್ತು ಅಣ್ಣ, ಅಂದೆ,
ಈಗಷ್ಟೇ ದಾಟಿತು.